ಆಸ್ಪತ್ರೆಯ ಗಣಕಯಂತ್ರವೂ ನಕಲಿನ ನ್ಯಾಯವೂ

ಒಂದೇ ಔಷಧವನ್ನು ಹಲವು ಕಂಪನಿಗಳು ಹಲವು ಬೆಲೆಗೆ ಮಾರುವುದು ಮುಂಬಯಿವಾಸಿಗಳಾದ ನಮಗೆ ಹೊಸತಲ್ಲ. 1970ರ ಪೇಟೆಂಟ್ ಕಾಯಿದೆಯು ಔಷಧವಸ್ತುವಿಗಲ್ಲದೆ ಅದರ ತಯಾರಿಕೆಯ ವಿಧಾನಕ್ಕೆ ಮಾತ್ರ ಹಕ್ಕನ್ನು ಮಾನ್ಯ ಮಾಡಿತು. ಆದುದರಿಂದ, 1935ರಲ್ಲಿ ಈ ನಗರದಲ್ಲಿಯೇ ಸ್ಥಾಪಿತವಾದ ಸಿಪ್ಲಾ ಸಂಸ್ಥೆಯು ವಿದೇಶೀ ಔಷಧಗಳನ್ನು ಬೇರೆ ವಿಧಾನದಿಂದ ತಯಾರಿಸಿ ಅಗ್ಗವಾಗಿ ಮಾರಲು ಶಕ್ತವಾಯಿತು. 2001ರಲ್ಲಿ ಅದು ಏಡ್ಸ್ ರೋಗದ ಮೂರು ಔಷಧಗಳನ್ನು ವರ್ಷಕ್ಕೆ 350 ಡಾಲರಿಗೆ ಕೊಡಲು ಮುಂದಾದಾಗ, ಪಾಶ್ಚಾತ್ಯ ಕಂಪನಿಗಳ ಬೆಲೆ 10,000 ಡಾಲರಿನ ಮೇಲಿತ್ತು. ಇದನ್ನು ಚೌರ್ಯವೆಂದು ಜರೆದವರೂ ಇದ್ದರು.

ಅಂತಹುದೇ ಒಂದು ವಾದವು ಈಗ ಆಸ್ಪತ್ರೆ, ಬ್ಯಾಂಕುಗಳ ಗಣಕಯಂತ್ರದ ಒಳಗಿನ ವಸ್ತುವಿನ ಕುರಿತು ನಡೆದಿದೆ. ಯಂತ್ರದ ಅಂಗಾಂಗಗಳನ್ನೆಲ್ಲ ದುಡಿಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇವುಗಳಲ್ಲಿ ಒಂದು. ಪಡೆದವನು ಅದರ ಮೂಲಪಾಠವನ್ನು ಓದಬಹುದು, ತಿದ್ದಬಹುದು, ಪರರಿಗೆ ಹಂಚಲೂಬಹುದು ಎಂಬುದು ಅದರ ಪರವಾನಗಿಯ ಸಾರ. ಔಷಧದ ವಿಷಯದಲ್ಲಿ ನಕಲಿಗೆ ದಾರಿ ಮಾಡಿಕೊಟ್ಟದ್ದು ಸರಕಾರದ ಕಾಯಿದೆ. ಇಲ್ಲಿ ಸ್ವತಃ ಕರ್ತೃವೇ ಅನುಮತಿ ಕೊಟ್ಟಿದ್ದಾನೆ. ಈ ಭೇದವು ಚಿಕ್ಕದಲ್ಲ.

ರೆಡ್ ಹ್ಯಾಟ್ ಎಂಬ ಅಮೆರಿಕನ್ ಕಂಪನಿಯು ಲಿನಕ್ಸನ್ನು ದೊಡ್ಡ ಸಂಸ್ಥೆಗಳಿಗೆ ಒಗ್ಗುವಂತೆ ಸಿದ್ಧಗೊಳಿಸಿ, ವಾರ್ಷಿಕ ಶುಲ್ಕಕ್ಕೆ ಅದರ ಪಾಲನೆಯನ್ನು ಮಾರುತ್ತದೆ. ವೈದ್ಯರು ಔಷಧಕ್ಕಲ್ಲದೆ ಆರೈಕೆಗೆ ಹಣ ಪಡೆದಂತೆ! 2004ರಲ್ಲಿ ಸೆಂಟ್‌ಓಎಸ್ ಎಂಬ ತಂಡವು ಅದರ ಹೆಸರು, ಚಿಹ್ನೆಗಳನ್ನು ತೆಗೆದು ಉಳಿದುದನ್ನು ಉಚಿತವಾಗಿ ಹಂಚತೊಡಗಿತು. 2006ರಲ್ಲಿ ದೈತ್ಯ ಒರೇಕಲ್ ಕಂಪನಿಯು ಅದೇ ತಂತ್ರಾಂಶದ ಪಾಲನೆಯನ್ನು ಕಡಿಮೆ ಬೆಲೆಗೆ ಮಾರಲು ಇಳಿಯಿತು. ಬಡ ಸಂಸ್ಥೆಗೆ ಉಚಿತವಾಗಿ ಕೊಡುವುದಕ್ಕೂ ಪರರ ದುಡಿಮೆಯ ಮೇಲೆ ವ್ಯಾಪಾರ ಹೂಡುವುದಕ್ಕೂ ಅಂತರವಿದೆಯೆಂಬ ರೆಡ್ ಹ್ಯಾಟಿನ ಅಳಲು ನಿರಾಧಾರವಲ್ಲ. ಆದರೆ ರೆಡ್ ಹ್ಯಾಟ್ ಮಾರುವುದರಲ್ಲಿಯೂ ಬಹುಭಾಗ ಪರರದೇ ದುಡಿಮೆ ಎಂಬುದನ್ನು ಮರೆಯಲಾಗದು.

2014ರಲ್ಲಿ ಸೆಂಟ್‌ಓಎಸ್ ತಂಡವನ್ನು ತನ್ನೊಳಕ್ಕೆ ಸೇರಿಸಿಕೊಂಡ ರೆಡ್ ಹ್ಯಾಟ್, 2029ರ ವರೆಗೆ ನಡೆಯಬೇಕಿದ್ದ ಅದರ 8ನೆಯ ಆವೃತ್ತಿಯನ್ನು 2021ರ ಕೊನೆಗೇ ಮುಗಿಸಿತು. ಆ ತೆರಪನ್ನು ಅಲ್ಮಾ, ರಾಕಿ ಎಂಬ ಹೊಸ ನಕಲುಗಳು ತುಂಬಿದವು. 2023ರ ಜೂನಿನಲ್ಲಿ ರೆಡ್ ಹ್ಯಾಟ್ ತನ್ನ ಆವೃತ್ತಿಗಳ ಯಥಾವತ್ ಮೂಲಪಾಠವನ್ನು ಗ್ರಾಹಕರಿಗೆ ಮಾತ್ರ ಮೀಸಲಿಟ್ಟಿತು. ಗ್ರಾಹಕನು ಅದನ್ನು ಹಂಚಿದರೆ ಒಪ್ಪಂದವೇ ರದ್ದಾಗುವ ಭಯವುಂಟು. ಪರವಾನಗಿಯ ಅಕ್ಷರಕ್ಕೆ ಇದು ಸರಿಹೋದೀತು. ಆಶಯಕ್ಕೆ ಸರಿಹೋಗದೆಂದೇ ನನ್ನ ಅಭಿಪ್ರಾಯ.

ಇದರಿಂದ ಡೊಂಬಿವಲಿಯ ಒಂದು ನರ್ಸಿಂಗ್ ಹೋಮಿಗೇನು? ಸೆಂಟ್‌ಓಎಸ್ 7ನೆಯ ಆವೃತ್ತಿಗೆ ಭದ್ರತೆಯ ತಿದ್ದುಪಡಿಗಳು 2024ರ ಜೂನ್ 30ಕ್ಕೆ ನಿಂತವು. ತರುವಾಯ ಕಂಡುಬರುವ ಬಿರುಕುಗಳನ್ನು ಸೆಂಟ್‌ಓಎಸ್ ತಂಡವು ಮುಚ್ಚುವುದಿಲ್ಲ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕಜಾಲಕ್ಕೆ ದುಷ್ಕರ್ಮಿಗಳು ನುಗ್ಗಿದಾಗ, ರೋಗಿಗಳ ನೋಂದಣಿ, ಪರೀಕ್ಷಾವರದಿಗಳನ್ನೆಲ್ಲ ದಿನಗಟ್ಟಲೆ ಕೈಬರಹದಿಂದ ನಡೆಸಬೇಕಾಯಿತು. ಆದುದರಿಂದ ಆಸ್ಪತ್ರೆ ನಡೆಸುತ್ತಿರುವ ನಮ್ಮವರು ಯಂತ್ರ ಕೂಡಿಸಿದವರನ್ನು ಕರೆದು, ಒಳಗಿರುವ ಆವೃತ್ತಿ ಯಾವುದು, ಅದನ್ನು ತಿದ್ದುವವರು ಯಾರು, ಎಲ್ಲಿಯವರೆಗೆ ಎಂದು ಬರೆಹದಲ್ಲಿ ಕೇಳಿ ಪಡೆಯಬೇಕು. ಅಲ್ಮಾ, ರಾಕಿಗಳ 9ನೆಯ ಆವೃತ್ತಿಗೆ 2032ರ ವರೆಗೆ ತಿದ್ದುಪಡಿಗಳು ದೊರೆಯಲಿವೆ. ಹಳೆಯ ದಾಖಲೆಗಳ ಪ್ರತಿಯೊಂದನ್ನು ಬೇರೆಡೆ ತೆಗೆದಿರಿಸಿ, ಹೊಸ ವ್ಯವಸ್ಥೆಯಲ್ಲಿ ಅವು ಸರಿಯಾಗಿ ತೆರೆಯುವುದನ್ನು ಕಂಡ ಮೇಲೆಯೇ ಹಳೆಯ ಯಂತ್ರವನ್ನು ನಿಲ್ಲಿಸಬೇಕು.