ತೊಗಲು ಗೊಂಬೆಯಾಟದ ದಾಖಲೀಕರಣ: ಕ್ಯಾಮೆರಾ ಮತ್ತು ಪರದೆಯನ್ನು ಕುರಿತ ಕೆಲವು ಪ್ರಶ್ನೆಗಳು

ಕರ್ನಾಟಕದ ಜನಪದ ಪ್ರದರ್ಶನ ಕಲೆಗಳಲ್ಲಿ ತೊಗಲು ಗೊಂಬೆಯಾಟಕ್ಕೆ ವಿಶಿಷ್ಟವಾದ ಸ್ಥಾನವಿದೆ. ಹದಮಾಡಿದ ಚರ್ಮದ ಮೇಲೆ ಚಿತ್ರ ಬರೆದು, ರಂಧ್ರಗಳನ್ನು ಕೊರೆದು, ಬಣ್ಣ ತುಂಬಿದ ಗೊಂಬೆಗಳನ್ನು ಬಿಳಿಯ ಪರದೆಯ ಹಿಂದೆ ದೀಪದ ಬೆಳಕಿನಲ್ಲಿ ಆಡಿಸುವ ಈ ಕಲೆಯನ್ನು ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತ ಸಮುದಾಯದವರು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಗೌರವ ಸಂದಿದೆ.

ಪರದೆಯ ಮೇಲೆ ಮೂಡುವ ಈ ಕಲೆಯನ್ನು ಕ್ಯಾಮೆರಾದಿಂದ ಸೆರೆಹಿಡಿದು ಮತ್ತೊಂದು ಪರದೆಯ ಮೇಲೆ ನೋಡುವಾಗ ಕೆಲವು ತಾಂತ್ರಿಕ ಪ್ರಶ್ನೆಗಳು ಏಳುತ್ತವೆ. ಪ್ರದರ್ಶನವನ್ನು ಕಣ್ಣಾರೆ ಕಾಣದ ಸಂಶೋಧಕನಿಗೆ ದಾಖಲೆಯೇ ಆಧಾರವಾದುದರಿಂದ, ಯಂತ್ರದ ದೋಷವನ್ನು ಆತನು ಕಲೆಯ ಲಕ್ಷಣವೆಂದು ಗ್ರಹಿಸುವ ಅಪಾಯವಿದೆ. ಆ ಪ್ರಶ್ನೆಗಳಲ್ಲಿ ಮುಖ್ಯವಾದವನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

1. ಬಣ್ಣಗಳು ತೆಳುವಾಗಿ ಕಾಣುವುದೇಕೆ?

ಸ್ವಯಂಚಾಲಿತ ಕ್ಯಾಮೆರಾ ತನ್ನ ಮುಂದಿನ ದೃಶ್ಯದ ಬೆಳಕನ್ನು ಸರಾಸರಿ ಮಾಡಿ ಅಳೆಯುತ್ತದೆ. ಬೆಳಗಿದ ಪರದೆಯ ಸುತ್ತ ಕತ್ತಲೆ ಹೆಚ್ಚಾಗಿದ್ದಾಗ ದೃಶ್ಯವೆಲ್ಲ ಮಬ್ಬಾಗಿದೆಯೆಂದು ಲೆಕ್ಕಹಾಕಿ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಆಗ ಬಟ್ಟೆ ಅಚ್ಚಬಿಳುಪಾಗಿ, ಗೊಂಬೆಯ ಕೆಂಪು, ಹಸಿರುಗಳು ತೆಳುವಾಗುತ್ತವೆ. ಪರದೆಯ ಭಾಗವನ್ನಷ್ಟೇ ಅಳೆದು ಬೆಳಕಿನ ಪ್ರಮಾಣವನ್ನು ಸ್ಥಿರಗೊಳಿಸುವುದು ಇದಕ್ಕಿರುವ ಪರಿಹಾರ.

ಬೆಳಕಿನ ವರ್ಣವೂ ಅಷ್ಟೇ ಮುಖ್ಯವಾದುದು. ಎಣ್ಣೆ ದೀಪದ ವರ್ಣತಾಪ ಸುಮಾರು 1900 ಕೆಲ್ವಿನ್, ತಂತಿಯ ಬಲ್ಬಿನದು ಸುಮಾರು 2700, ಹಗಲಿನದು ಸುಮಾರು 5500. ಹಗಲಿಗೆ ಹೊಂದಿಸಿದ ಕ್ಯಾಮೆರಾದಲ್ಲಿ ದೀಪದ ಪರದೆ ಕಡುಕಿತ್ತಳೆಯಾಗಿ ಕಾಣುತ್ತದೆ. ಸ್ವಯಂಚಾಲಿತ ಹೊಂದಾಣಿಕೆಯಲ್ಲಾದರೋ ದೀಪದ ಬೆಚ್ಚನೆಯ ಛಾಯೆಯೇ ಬಹುಮಟ್ಟಿಗೆ ಅಳಿಸಿಹೋಗಬಹುದು. ಆದ್ದರಿಂದ ಬಣ್ಣಗಳ ಅಧ್ಯಯನಕ್ಕೆ ಪ್ರದರ್ಶನದ ದೃಶ್ಯವೊಂದೇ ಸಾಲದು. ಅದೇ ಗೊಂಬೆಯನ್ನು ವರ್ಣಪಟ್ಟಿಯೊಡನೆ ಹಗಲಿನಲ್ಲಿ ಪ್ರತ್ಯೇಕವಾಗಿ ಚಿತ್ರಿಸಿಕೊಳ್ಳುವುದು ಅಗತ್ಯ.

2. ಬೆಳಕಿನ ಮಿನುಗು ದೀಪದ್ದೋ, ಕ್ಯಾಮೆರಾದ್ದೋ?

ಭಾರತದ ವಿದ್ಯುತ್ ಪ್ರವಾಹ ಸೆಕೆಂಡಿಗೆ 50 ಆವರ್ತನಗಳದು. ಅದರಿಂದ ಉರಿಯುವ ದೀಪದ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಸೆಕೆಂಡಿಗೆ 25 ಚೌಕಟ್ಟುಗಳಂತೆ, 1/50 ಸೆಕೆಂಡಿನ ಶಟರ್ ವೇಗದಲ್ಲಿ ಚಿತ್ರಿಸಿದರೆ ಪ್ರತಿ ಚೌಕಟ್ಟಿನಲ್ಲಿಯೂ ಎರಡು ಪೂರ್ಣ ಏರಿಳಿತಗಳು ಸೇರಿ ಬೆಳಕು ಸಮನಾಗಿರುತ್ತದೆ. 30 ಚೌಕಟ್ಟು, 1/60 ಸೆಕೆಂಡಿಗೆ ಹೊಂದಿಸಿದಲ್ಲಿ ಈ ಲೆಕ್ಕ ತಪ್ಪಿ ಮಿನುಗು ಕಾಣಿಸಿಕೊಳ್ಳುತ್ತದೆ. ಎಣ್ಣೆ ದೀಪದ ಜ್ವಾಲೆ ಅಲುಗಿದಾಗಿನ ಮಿನುಗು ಪ್ರದರ್ಶನದ ಭಾಗ, ಇದು ಹಾಗಲ್ಲ. ದೀಪ ಯಾವುದೆಂಬುದನ್ನು ದಾಖಲಿಸದಿದ್ದರೆ ಮುಂದೆ ಇವೆರಡನ್ನೂ ಬೇರ್ಪಡಿಸುವುದು ಕಷ್ಟ.

ಮಸುಕಿನ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಬಟ್ಟೆಗೆ ಒತ್ತಿ ಹಿಡಿದ ಗೊಂಬೆಯ ಅಂಚು ಸ್ಪಷ್ಟವಾಗಿರುತ್ತದೆ. ಹಿಂದಕ್ಕೆ ಸರಿಸಿದಾಗ ಮಸುಕಾಗುತ್ತದೆ. ಇದು ಸೂತ್ರಧಾರನ ಕೈಯಲ್ಲಿರುವ ಅಭಿವ್ಯಕ್ತಿ ಸಾಧನ. ಕ್ಯಾಮೆರಾ ತಾನಾಗಿ ಫೋಕಸ್ ಹುಡುಕುವಾಗಲೂ ಅಂತಹುದೇ ಮಸುಕು ಉಂಟಾಗುವುದರಿಂದ ಫೋಕಸನ್ನು ಬಟ್ಟೆಯ ಮೇಲೆ ಸ್ಥಿರಗೊಳಿಸಬೇಕು.

3. ಗೊಂಬೆಗಳು ಅಗಲವಾಗಿ ಕಾಣುವುದೇಕೆ?

ಹಳೆಯ ವಿಡಿಯೊ ದಾಖಲೆಗಳ ಚೌಕಟ್ಟು ಸಾಮಾನ್ಯವಾಗಿ 4:3 ಪ್ರಮಾಣದ್ದು; ಇಂದಿನ ದೂರದರ್ಶನ ಪರದೆಗಳದು 16:9. ಹಳೆಯ ಚಿತ್ರವನ್ನು ಹೊಸ ಪರದೆಯ ತುಂಬ ಎಳೆದಾಗ ಅದರ ಅಗಲ ಮೂರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ. ಎಳೆಯದೆ ಮೇಲೆ ಕೆಳಗೆ ಕತ್ತರಿಸಿದರೆ ಎತ್ತರದ ಕಾಲುಭಾಗ ಹೋಗಿ, ಕಿರೀಟವೋ ಪಾದವೋ ಮರೆಯಾಗುತ್ತದೆ. ಪಾತ್ರದ ಸ್ಥಾನಮಾನಕ್ಕೆ ತಕ್ಕಂತೆ ಗೊಂಬೆಯ ಗಾತ್ರ ಬದಲಾಗುವ ಈ ಕಲೆಯಲ್ಲಿ, ಅಳತೆಯ ವಿಕಾರವು ತಪ್ಪು ನಿರ್ಣಯಗಳಿಗೆ ದಾರಿಮಾಡುತ್ತದೆ. ಎರಡು ಬದಿಗೆ ಕಪ್ಪು ಪಟ್ಟಿ ಉಳಿದರೂ ಮೂಲ ಪ್ರಮಾಣದಲ್ಲಿಯೇ ನೋಡುವುದು ಸರಿಯಾದ ಕ್ರಮ.

4. ಚಲನೆಯಲ್ಲಿ ಬಾಚಣಿಗೆಯಂತಹ ಗೆರೆಗಳೇಕೆ?

ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ವಿಡಿಯೊ ಸೆಕೆಂಡಿಗೆ 50 ಅರೆಚಿತ್ರಗಳನ್ನು ಹಿಡಿಯುತ್ತಿತ್ತು. ಒಂದರಲ್ಲಿ ಬೆಸ ಸಾಲುಗಳು, ಮತ್ತೊಂದರಲ್ಲಿ ಸಮ ಸಾಲುಗಳು. ಹೊಸ ಪರದೆಯಲ್ಲಿ ಎರಡನ್ನೂ ಒಟ್ಟಿಗೆ ತೋರಿಸಿದಾಗ, ವೇಗವಾಗಿ ಚಲಿಸುವ ಗೊಂಬೆಯ ಅಂಚು ಹಲ್ಲುಹಲ್ಲಾಗಿ ಕಾಣುತ್ತದೆ. ಪರಿವರ್ತನೆಯ ಕಾಲಕ್ಕೆ ಅರ್ಧ ಅರೆಚಿತ್ರಗಳನ್ನು ಕೈಬಿಟ್ಟರೆ ಗೆರೆಗಳೇನೋ ಮಾಯವಾಗುತ್ತವೆ. ಆದರೆ ಯುದ್ಧದ ದೃಶ್ಯಗಳಲ್ಲಿನ ಕೈಚಳಕದ ಅರ್ಧ ವಿವರವೂ ಅವುಗಳೊಡನೆ ಹೋಗುತ್ತದೆ. ಆದುದರಿಂದ 50 ಅರೆಚಿತ್ರಗಳನ್ನು 50 ಪೂರ್ಣ ಚೌಕಟ್ಟುಗಳಾಗಿ ಪರಿವರ್ತಿಸುವುದು ಮೇಲು.

5. ಯಾವ ಪ್ರತಿಯನ್ನು ಕಾಪಿಡಬೇಕು?

ಡಿವಿ ಟೇಪಿನ ಒಂದು ಗಂಟೆಯ ದಾಖಲೆಗೆ ಸುಮಾರು 13 ಗಿಗಾಬೈಟ್ ಜಾಗ ಬೇಕು. ಜಾಗದ ಅಭಾವದಿಂದ ಅದನ್ನು ಅತಿಯಾಗಿ ಕುಗ್ಗಿಸಿದರೆ ಆಭರಣಗಳ ಸೂಕ್ಷ್ಮ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡು, ಕತ್ತಲೆಯ ಭಾಗಗಳು ಚೌಕಚೌಕವಾಗುತ್ತವೆ. ಒಮ್ಮೆ ಕಳೆದ ವಿವರ ಮರಳಿ ಬಾರದು. ಮೂಲವನ್ನು ಬದಲಿಸದೆ ಎರಡು ಸ್ಥಳಗಳಲ್ಲಿರಿಸಿ, ವೀಕ್ಷಣೆಗೆ ಕಿರುಪ್ರತಿಯನ್ನು ಬಳಸುವುದು ಗ್ರಂಥಾಲಯಗಳು ಪಾಲಿಸಬೇಕಾದ ಕ್ರಮ.

ಕ್ಷೇತ್ರಕಾರ್ಯದ ಟಿಪ್ಪಣಿಯಲ್ಲಿ ವಕ್ತೃ, ಊರು, ದಿನಾಂಕಗಳನ್ನು ಬರೆಯುವುದು ರೂಢಿ. ದೀಪದ ಬಗೆ, ಶಟರ್ ವೇಗ, ವರ್ಣ ಹೊಂದಾಣಿಕೆ, ಚೌಕಟ್ಟಿನ ಪ್ರಮಾಣ ಇವೂ ಅದರೊಂದಿಗೆ ಸೇರಬೇಕಾಗಿದೆ. ಸಾಧ್ಯವಾದಲ್ಲಿ ಪರದೆಯ ಹಿಂಬದಿಯಲ್ಲಿ ಇನ್ನೊಂದು ಕ್ಯಾಮೆರಾ ಇರಿಸಿದರೆ ಆಡಿಸುವ ಕೈಗಳೂ ದಾಖಲೆಯಲ್ಲಿ ಉಳಿಯುತ್ತವೆ. ಇದಕ್ಕೆ ಕಲಾವಿದರ ಒಪ್ಪಿಗೆ ಅವಶ್ಯ. ಮೇಳದ ಹಿರಿಯರು ಇರುವಾಗಲೇ ದೃಶ್ಯವನ್ನು ಅವರಿಗೆ ತೋರಿಸಿ, ಬಣ್ಣ ಮತ್ತು ಚಲನೆಗಳು ಸರಿಯಾಗಿವೆಯೇ ಎಂದು ಕೇಳಿ, ಅವರ ಅಭಿಪ್ರಾಯವನ್ನೂ ದಾಖಲೆಗೆ ಸೇರಿಸಬೇಕು. ಆಟವಾಡಿದವರು ಇಲ್ಲವಾದ ಮೇಲೆ ಈ ತಾಳೆ ನೋಡುವ ಕೆಲಸವನ್ನು ಯಾವ ಯಂತ್ರವೂ ಮಾಡಲಾರದು.