ಕಡಲ ಗಾಳಿಯ ಮೊಕದ್ದಮೆ

ಚಿತ್ರದುರ್ಗದ ಜೋಗಿಮಟ್ಟಿಯ ಮೇಲೋ ಗದಗು ಸೀಮೆಯ ಕಪ್ಪತಗುಡ್ಡದ ಮೇಲೋ ತಿರುಗುವ ಗಾಳಿಯಂತ್ರಗಳನ್ನು ಕಾಣದವರು ಈ ಸಂಚಿಕೆಯ ವಾಚಕರಲ್ಲಿ ವಿರಳ. ಅಲ್ಲಿ ಒಂದು ಕಂಬವನ್ನು ನಿಲ್ಲಿಸಬೇಕಾದರೆ ನೆಲಕ್ಕೆ ಒಡೆಯನೊಬ್ಬನಿದ್ದಾನೆ. ರೈತನ ಹೊಲವಾದರೆ ಪಹಣಿಯುಂಟು. ಕಾಡಾದರೆ ಅರಣ್ಯ ಇಲಾಖೆಯುಂಟು. ತಕರಾರು ಹುಟ್ಟಿದರೆ ಯಾರು ಯಾರ ಮೇಲೆ ದಾವೆ ಹೂಡಬೇಕೆಂಬುದರಲ್ಲಿ ಸಂದೇಹವಿರುವುದಿಲ್ಲ. ಆದರೆ ಕಡಲಿಗೆ ಸರ್ವೆ ನಂಬರಿಲ್ಲ. ಅದರ ಮೇಲೆ ಬೀಸುವ ಗಾಳಿಯನ್ನು ಬಳಸಹೊರಟಾಗ ಎಂತಹ ಜಟಿಲ ಪ್ರಶ್ನೆಗಳೇಳುತ್ತವೆ ಎಂಬುದಕ್ಕೆ ಅಮೆರಿಕೆಯ ‘ಕೇಪ್ ವಿಂಡ್’ ಪ್ರಕರಣವು ಒಳ್ಳೆಯ ನಿದರ್ಶನ.

ಕಡಲ ಗಾಳಿಗೆ ಗುಡ್ಡ ಮರಗಳ ಅಡ್ಡಿಯಿಲ್ಲ. ಅದು ನೆಲದ ಗಾಳಿಗಿಂತ ಬಲವಾದುದು, ಹೆಚ್ಚು ಏಕಪ್ರಕಾರವಾದುದು. ಇದನ್ನರಿತ ಡೆನ್ಮಾರ್ಕ್ ದೇಶವು 1991ರಲ್ಲಿಯೇ ವಿಂಡೆಬಿ ಎಂಬಲ್ಲಿ 11 ಯಂತ್ರಗಳನ್ನು ಸಮುದ್ರದೊಳಗೆ ನಿಲ್ಲಿಸಿ ಜಗತ್ತಿಗೆ ಮೇಲ್ಪಂಕ್ತಿ ಹಾಕಿತು. ಹತ್ತು ವರ್ಷಗಳ ತರುವಾಯ, 2001ರಲ್ಲಿ, ಜಿಮ್ ಗಾರ್ಡನ್ ಎಂಬ ಉದ್ಯಮಿ ಅಮೆರಿಕೆಯ ಮ್ಯಾಸಚೂಸೆಟ್ಸ್ ರಾಜ್ಯದ ಕರಾವಳಿಯಲ್ಲಿ ಅಂತಹುದೇ ಯೋಜನೆಯೊಂದನ್ನು ಮುಂದಿಟ್ಟರು. ಕೇಪ್ ಕಾಡ್ ಭೂಶಿರಕ್ಕೂ ನಾಂಟುಕೆಟ್ ಮೊದಲಾದ ದ್ವೀಪಗಳಿಗೂ ನಡುವೆ ಇರುವ ಕಡಲಿನಲ್ಲಿ, ತೀರದಿಂದ ಸುಮಾರು 8 ಕಿಲೋಮೀಟರ್ ದೂರದ ಮರಳುದಿಬ್ಬವೊಂದು ಆಯ್ಕೆಯಾದ ಸ್ಥಳ. ಕೊನೆಗೆ ನಿಶ್ಚಯವಾದ ಯಂತ್ರಗಳು 130. ಒಟ್ಟು ಸಾಮರ್ಥ್ಯ 468 ಮೆಗಾವ್ಯಾಟ್.

ಮೊದಲ ಪ್ರಶ್ನೆ ಒಡೆತನದ್ದು. 1953ರ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ತೀರದಿಂದ 3 ನಾವಿಕ ಮೈಲಿಯವರೆಗಿನ ಕಡಲತಳ ರಾಜ್ಯದ್ದು, ಅದರಾಚೆಯದು ಕೇಂದ್ರ ಸರ್ಕಾರದ್ದು. ಈ ಕಡಲಿನ ಸುತ್ತಲಂಚು ರಾಜ್ಯದ್ದಾದರೆ ನಡುಭಾಗ ಕೇಂದ್ರದ್ದು. ಇಡೀ ಜಲಭಾಗವೂ ತನಗೆ ಪುರಾತನ ಹಕ್ಕಿನಿಂದ ಸೇರಿದುದೆಂದು ಮ್ಯಾಸಚೂಸೆಟ್ಸ್ ರಾಜ್ಯವು ವಾದಿಸಿದ್ದುಂಟು; 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿತ್ತು. ಹೀಗಾಗಿ ಯಂತ್ರಗಳಿಗೆ ಅನುಮತಿ ಕೊಡಬೇಕಾದುದು ಕೇಂದ್ರ; ವಿದ್ಯುತ್ತನ್ನು ದಡಕ್ಕೆ ತರುವ ತಂತಿಗೆ ರಾಜ್ಯದ ಒಪ್ಪಿಗೆಯೂ ಬೇಕು. ಕೇಂದ್ರದಲ್ಲಿಯೂ ಯಾವ ಕಾಯಿದೆಯಂತೆ ಕೊಡಬೇಕು? ಸಮುದ್ರದ ಗಾಳಿಯನ್ನು ಕುರಿತ ಶಾಸನವೇ ಆಗ ಇರಲಿಲ್ಲ. ನದಿ-ಬಂದರುಗಳನ್ನು ಕುರಿತ 1899ರ ಹಳೆಯ ಕಾಯಿದೆಯನ್ನು ಹಿಡಿದು ಸೇನೆಯ ಇಂಜಿನಿಯರುಗಳ ದಳವು ವಿಚಾರಣೆ ಆರಂಭಿಸಿತು. ಗಾಳಿಯನ್ನು ಅಳೆಯಲೆಂದು ನೆಟ್ಟ ಒಂದೇ ಒಂದು ಗೋಪುರದ ಮೇಲೂ ಮೊಕದ್ದಮೆ ನಡೆಯಿತು. ಅದು ಮೇಲ್ಮನವಿಯಲ್ಲಿ ಇತ್ಯರ್ಥವಾದುದು 2005ರಲ್ಲಿ. ಅದೇ ವರ್ಷ ಬಂದ ಹೊಸ ಇಂಧನ ಕಾಯಿದೆಯು ಅಧಿಕಾರವನ್ನು ಆಂತರಿಕ ವ್ಯವಹಾರಗಳ ಇಲಾಖೆಗೆ ವರ್ಗಾಯಿಸಿತು. ಪರೀಕ್ಷೆಯ ನಡುವೆ ಪರೀಕ್ಷಕರೇ ಬದಲಾದಂತಾಯಿತು.

ವಿರೋಧಿಗಳು ಸಾಮಾನ್ಯರಾಗಿರಲಿಲ್ಲ. ಆ ತೀರದಲ್ಲಿ ಬೇಸಿಗೆಯ ಬಂಗಲೆಗಳುಳ್ಳ ಶ್ರೀಮಂತರು ಸಂಘ ಕಟ್ಟಿದರು. ತೈಲ, ಕಲ್ಲಿದ್ದಲುಗಳ ಉದ್ಯಮಿ ವಿಲಿಯಂ ಕೋಕ್ ಅದಕ್ಕೆ ಧನಸಹಾಯ ಮಾಡಿದರು. ಸೆನೆಟರ್ ಎಡ್ವರ್ಡ್ ಕೆನೆಡಿ ಯೋಜನೆಯನ್ನು ವಿರೋಧಿಸಿದರು. ಅವರ ಮನೆತನದ ನಿವಾಸವೂ ಅದೇ ಕರಾವಳಿಯಲ್ಲಿತ್ತು. ಪರಿಸರದ ವಕೀಲರೆಂದು ಹೆಸರಾಗಿದ್ದ ಅವರ ಅಣ್ಣನ ಮಗ ಕಿರಿಯ ರಾಬರ್ಟ್ ಕೆನೆಡಿ 2005ರಲ್ಲಿ ಪತ್ರಿಕೆಯಲ್ಲಿ ಲೇಖನ ಬರೆದು ಚಿಕ್ಕಪ್ಪನ ಪಕ್ಷ ಹಿಡಿದರು. ಪವನಶಕ್ತಿ ಒಳ್ಳೆಯದೇ, ಆದರೆ ಇಲ್ಲಿ ಬೇಡ ಎಂಬುದು ವಾದದ ತಿರುಳು. 2006ರಲ್ಲಿ ಕರಾವಳಿ ಕಾವಲು ದಳದ ಮಸೂದೆಯೊಂದರೊಳಗೆ, ಈ ಯೋಜನೆಯನ್ನು ತಡೆಯುವ ಅಧಿಕಾರವನ್ನು ರಾಜ್ಯದ ಗವರ್ನರರಿಗೆ ಕೊಡುವ ವಾಕ್ಯವನ್ನು ಸೇರಿಸುವ ಯತ್ನ ನಡೆಯಿತು. ಆಗಿನ ಗವರ್ನರ್ ಮಿಟ್ ರಾಮ್ನಿ ಯೋಜನೆಯ ವಿರೋಧಿ. ಯತ್ನ ಫಲಿಸಲಿಲ್ಲ; ಮರುವರ್ಷ ಅಧಿಕಾರಕ್ಕೆ ಬಂದ ಡೆವಲ್ ಪ್ಯಾಟ್ರಿಕ್ ಯೋಜನೆಯ ಬೆಂಬಲಿಗರಾಗಿದ್ದರು.

ಇವರೆಲ್ಲರಿಗಿಂತ ಭಿನ್ನವಾದ ದನಿಯೊಂದಿತ್ತು. ವಾಂಪನೋಆಗ್ ಎಂಬ ಮೂಲನಿವಾಸಿಗಳು, ಕಡಲ ಮೇಲೆ ಮೂಡುವ ಸೂರ್ಯನನ್ನು ಅಡ್ಡಿಯಿಲ್ಲದೆ ಕಂಡು ವಂದಿಸುವುದು ತಮ್ಮ ಆಚಾರವೆಂದೂ, ಇಂದು ನೀರಿನಡಿ ಇರುವ ಆ ನೆಲವು ಹಿಂದೊಮ್ಮೆ ಒಣಭೂಮಿಯಾಗಿದ್ದು ಅಲ್ಲಿ ತಮ್ಮ ಪೂರ್ವಜರು ಬಾಳಿದ್ದರೆಂದೂ ಹೇಳಿದರು. ಆ ಕಡಲು ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಅರ್ಹವೆಂದು 2010ರ ಜನವರಿಯಲ್ಲಿ ತೀರ್ಮಾನವೂ ಆಯಿತು. ಬಂಗಲೆಯ ಜಗುಲಿಯಿಂದ ಕಾಣುವ ನೋಟವೂ ಉದಯಸೂರ್ಯನಿಗೆ ಕೈಮುಗಿಯುವವನ ನೋಟವೂ ಒಂದೇ ಕಡಲಿನವು; ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಆದರೆ ನೋಟಕ್ಕಾಗಿ ಹೋರಾಡಿದವರ ಬಳಿ ಹಣವಿತ್ತು, ವಕೀಲರಿದ್ದರು. ಆಚಾರಕ್ಕಾಗಿ ಬೇಡಿದವರ ಮಾತನ್ನು ಅನುಮತಿ ಪತ್ರದ ಷರತ್ತುಗಳಲ್ಲಿ ಅಡಗಿಸಿ, 2010ರ ಏಪ್ರಿಲ್ 28ರಂದು ಕಾರ್ಯದರ್ಶಿ ಕೆನ್ ಸಲಾಜಾರ್ ಯೋಜನೆಗೆ ಒಪ್ಪಿಗೆಯಿತ್ತರು.

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ನಮ್ಮ ಗಾದೆಯ ಸತ್ಯವು ಮುಂದೆ ಪ್ರಕಟವಾಯಿತು. ವಿದ್ಯುತ್ತಿನ ದರ ಯೂನಿಟ್ಟಿಗೆ 18.7 ಸೆಂಟ್, ಪ್ರತಿವರ್ಷ ಶೇಕಡಾ 3.5ರ ಏರಿಕೆ ಎಂಬ ಒಪ್ಪಂದವನ್ನು ರಾಜ್ಯದ ಅತ್ಯುನ್ನತ ನ್ಯಾಯಾಲಯವು 2011ರಲ್ಲಿ ಎತ್ತಿಹಿಡಿಯಿತು. ಅದೇ ವರ್ಷ ಇನ್ನೊಂದು ನ್ಯಾಯಾಲಯವು, ಯಂತ್ರಗಳಿಂದ ವಿಮಾನಗಳಿಗೆ ಅಪಾಯವಿಲ್ಲವೆಂಬ ಪ್ರಮಾಣಪತ್ರವನ್ನು ರದ್ದುಗೊಳಿಸಿತು. ಅದನ್ನು ಮತ್ತೆ ಪಡೆಯಬೇಕಾಯಿತು. ಕಂಪನಿಯು ಗೆದ್ದ ಮೊಕದ್ದಮೆಗಳೇ ಹೆಚ್ಚು. ಆದರೆ ಮೊಕದ್ದಮೆಯ ನೆರಳಿರುವ ಕೆಲಸಕ್ಕೆ ಸಾಲ ಕೊಡುವವರು ಹಿಂಜರಿಯುತ್ತಾರೆ. ಒಪ್ಪಂದದಲ್ಲಿ ವಿಧಿಸಿದ್ದ 2014ರ ಡಿಸೆಂಬರ್ 31ರ ಗಡುವು ಮೀರಿತು. ಮರುತಿಂಗಳೇ ವಿದ್ಯುತ್ತನ್ನು ಕೊಳ್ಳಬೇಕಾಗಿದ್ದ ಎರಡು ಕಂಪನಿಗಳು ಒಪ್ಪಂದದಿಂದ ಹಿಂದೆ ಸರಿದುವು. 2016ರಲ್ಲಿ ಮೇಲ್ಮನವಿ ನ್ಯಾಯಾಲಯವು ಕಡಲತಳದ ಪರೀಕ್ಷೆ ಸಾಲದೆಂದು ಪರಿಸರ ವರದಿಯನ್ನು ತಳ್ಳಿಹಾಕಿತಾದರೂ ಗುತ್ತಿಗೆಯನ್ನು ರದ್ದುಮಾಡಲಿಲ್ಲ. 2017ರ ಡಿಸೆಂಬರಿನಲ್ಲಿ ಕಂಪನಿಯೇ ಗುತ್ತಿಗೆಯನ್ನು ಬಿಟ್ಟುಕೊಟ್ಟಿತು. ಹದಿನಾರು ವರ್ಷಗಳಾದರೂ ಒಂದು ಯಂತ್ರವೂ ಮೇಲೇಳಲಿಲ್ಲ.

ಈ ಸೋಲಿನಿಂದ ಇತರರು ಕಲಿತರು. 2016ರಲ್ಲಿ ಪಕ್ಕದ ರೋಡ್ ಐಲೆಂಡಿನಲ್ಲಿ 5 ಯಂತ್ರಗಳ ಸಣ್ಣ ಸ್ಥಾವರವು ಅಮೆರಿಕೆಯಲ್ಲಿಯೇ ಮೊದಲನೆಯದಾಗಿ ಕೆಲಸಮಾಡತೊಡಗಿತು. ‘ವಿನ್‌ಯಾರ್ಡ್ ವಿಂಡ್’ ಎಂಬ 62 ಯಂತ್ರಗಳ ಯೋಜನೆಯು ತೀರದಿಂದ 20 ಕಿಲೋಮೀಟರಿಗೂ ಹೆಚ್ಚು ದೂರಕ್ಕೆ ಸರಿಯಿತು. 2018ರಲ್ಲಿ ಅದರ ಒಪ್ಪಂದದ ಆರಂಭದ ದರ ಯೂನಿಟ್ಟಿಗೆ 7.4 ಮತ್ತು 6.5 ಸೆಂಟ್‌ಗಳಿಗೆ ಇಳಿದಿತ್ತು. ಮೀನುಗಾರರು ಹಾಗೂ ದ್ವೀಪವಾಸಿಗಳು ಹೂಡಿದ ದಾವೆಗಳು ನಿಲ್ಲಲಿಲ್ಲ.

ಆದರೆ ತಡೆಯು ಈ ಬಾರಿ ಬೇರೆ ದಿಕ್ಕಿನಿಂದ ಬಂದಿತು. 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಕಡಲ ಗಾಳಿಗೆ ಹೊಸ ಗುತ್ತಿಗೆ, ಹೊಸ ಅನುಮತಿಗಳನ್ನು ತಡೆಹಿಡಿದರು. ಅದೇ ಆಗಸ್ಟಿನಲ್ಲಿ, ಸುಮಾರು ಶೇಕಡಾ 80ರಷ್ಟು ಮುಗಿದಿದ್ದ ‘ರೆವಲ್ಯೂಷನ್ ವಿಂಡ್’ ಕಾಮಗಾರಿಯನ್ನು ನಿಲ್ಲಿಸುವಂತೆ ಸರ್ಕಾರ ಆಜ್ಞಾಪಿಸಿತು. ಹಿಂದೆ ಕಟ್ಟುವವರನ್ನು ನ್ಯಾಯಾಲಯಕ್ಕೆಳೆದವರು ವಿರೋಧಿಗಳು. ಈಗ ಕಟ್ಟುವವರೇ ನ್ಯಾಯಾಲಯದ ಬಾಗಿಲು ತಟ್ಟಿದರು. ಸೆಪ್ಟೆಂಬರ್ 22ರಂದು ನ್ಯಾಯಾಧೀಶರು ಕೆಲಸ ಮುಂದುವರಿಸಲು ಅವಕಾಶವಿತ್ತರು.

ನಮ್ಮ ದೇಶದಲ್ಲಿ ಕಡಲ ಗಾಳಿಯ ರಾಷ್ಟ್ರೀಯ ನೀತಿ 2015ರಲ್ಲಿಯೂ ಕಡಲತಳದ ಗುತ್ತಿಗೆಯ ನಿಯಮಗಳು 2023ರಲ್ಲಿಯೂ ಹೊರಬಿದ್ದುವು. 2024ರಲ್ಲಿ ಕೇಂದ್ರ ಸಚಿವ ಸಂಪುಟವು ಗುಜರಾತ್, ತಮಿಳುನಾಡುಗಳ ಕರಾವಳಿಗೆ ತಲಾ 500 ಮೆಗಾವ್ಯಾಟಿನ ಆರಂಭಕ್ಕಾಗಿ 7,453 ಕೋಟಿ ರೂಪಾಯಿಗಳ ನೆರವಿಗೆ ಒಪ್ಪಿತು. ನಮ್ಮ ಕರಾವಳಿಯ ಸರದಿ ಈ ಘಟ್ಟದಲ್ಲಿ ಬಂದಿಲ್ಲ. ಯಂತ್ರದ ಕಂಬಗಳ ನಡುವೆ ಬಲೆ ಬೀಸಲು ಬಿಡುವಿರಿಯೋ ಎಂದು ತಮಿಳುನಾಡಿನ ಮೀನುಗಾರರು ಆಗಲೇ ಕೇಳತೊಡಗಿದ್ದಾರೆ.