ಆರೋಗ್ಯ ಸಂಶೋಧನೆಯ ಬಲವನ್ನು ಅಳೆಯುವುದು ಹೇಗೆ?

1957ನೆಯ ಇಸವಿಯ ಬೇಸಗೆಯ ಮೊದಲಲ್ಲಿ, ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಗೆ ಸೇರಿದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತುಬೀಳತೊಡಗಿದವು. ಸೌದೆ ಸೊಪ್ಪುಗಳಿಗಾಗಿ ಕಾಡಿಗೆ ಹೋಗುತ್ತಿದ್ದ ಸುತ್ತಣ ಹಳ್ಳಿಗಳ ಜನರೂ ಅದೇ ಕಾಲದಲ್ಲಿ ತೀವ್ರವಾದ ಜ್ವರ, ತಲೆನೋವು, ಮೈಕೈ ನೋವುಗಳಿಂದ ಹಾಸಿಗೆ ಹಿಡಿದರು, ಕೆಲವರು ತೀರಿಕೊಂಡರು. ಈ ಸುದ್ದಿಯು ಪುಣೆಯ ವೈರಸ್ ಸಂಶೋಧನ ಕೇಂದ್ರವನ್ನು ಮುಟ್ಟಿದಾಗ ಅಲ್ಲಿಯ ವಿಜ್ಞಾನಿಗಳಿಗೆ ದಿಗಿಲಾಯಿತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಒಟ್ಟಿಗೆ ಕೊಲ್ಲುವ ಹಳದಿ ಜ್ವರವು ಏಷ್ಯ ಖಂಡದಲ್ಲಿ ಎಂದೂ ಕಾಣಿಸಿಕೊಂಡಿರಲಿಲ್ಲ. ಅದೇ ಇಲ್ಲಿಗೂ ಬಂದಿತೋ ಏನೋ ಎಂಬುದು ಅವರ ಶಂಕೆ.

ಬಂದದ್ದು ಹಳದಿ ಜ್ವರವಾಗಿರಲಿಲ್ಲ. ಅದೇ ವರ್ಷದಲ್ಲಿಯೇ ರೋಗಕಾರಕವಾದ ವೈರಸ್ಸನ್ನು ಬೇರ್ಪಡಿಸಿ, ಅದು ರಷ್ಯ ದೇಶದಲ್ಲಿ ಮೆದುಳುಜ್ವರವನ್ನುಂಟುಮಾಡುವ ವೈರಸ್ಸಿನ ದಾಯಾದಿಯೆಂದೂ, ಅದುವರೆಗೆ ಯಾರೂ ಕಾಣದಿದ್ದ ಹೊಸದೆಂದೂ ತೋರಿಸಲಾಯಿತು. ಅದನ್ನು ಹೊತ್ತು ತಿರುಗುವುದು ಕಾಡಿನ ಉಣುಗು ಎಂಬುದೂ ಗೊತ್ತಾಯಿತು. ಇಂದು ನಾವು ಮಂಗನ ಕಾಯಿಲೆ ಎಂದು ಕರೆಯುವ ರೋಗವು ಶಾಸ್ತ್ರಗ್ರಂಥಗಳಲ್ಲಿ ಕ್ಯಾಸನೂರು ಕಾಡಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಇಷ್ಟು ಬೇಗ ಈ ಕೆಲಸ ಹೇಗೆ ಸಾಧ್ಯವಾಯಿತು? ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಎಂಬ ವಿಜ್ಞಾನಿಗಳ ಹೆಸರುಗಳನ್ನು ಈ ಪ್ರಸಂಗದಲ್ಲಿ ಮೊದಲು ಹೇಳುವುದು ವಾಡಿಕೆ. ಆದರೆ ಅವರ ಜೊತೆಗೆ ಕೀಟಶಾಸ್ತ್ರಜ್ಞರು ಇದ್ದರು; ಇಲಿಮರಿಗಳನ್ನು ಸಾಕಿ ಅವುಗಳಲ್ಲಿ ವೈರಸ್ಸನ್ನು ಬೆಳಸಬಲ್ಲವರು ಇದ್ದರು; ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆದು, ಅದಕ್ಕೆ ಕಚ್ಚಿಕೊಂಡ ಉಣುಗುಗಳನ್ನು ಆಯ್ದು ಸೀಸೆಗೆ ತುಂಬುವವರು ಇದ್ದರು; ಊರೂರಿಗೆ ಹೋಗಿ ಜ್ವರ ಬಂದವರ ಪಟ್ಟಿ ಬರೆಯುವವರು ಇದ್ದರು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯೂ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ ಪುಣೆಯ ಆ ಕೇಂದ್ರವನ್ನು ಸ್ಥಾಪಿಸಿದ್ದು 1952ರಲ್ಲಿ. ಮಂಗಗಳು ಸಾಯುವುದಕ್ಕೆ ಐದು ವರ್ಷ ಮೊದಲೇ ಅಲ್ಲಿ ಜನರು ತರಬೇತಾಗಿದ್ದರು, ಉಪಕರಣಗಳು ಸಿದ್ಧವಾಗಿದ್ದವು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಪ್ರಮೇಯ ಬರಲಿಲ್ಲ.

ಒಂದು ನಾಡು ತನ್ನ ಆರೋಗ್ಯದ ವಿಷಯದಲ್ಲಿ ಏಳುವ ಪ್ರಶ್ನೆಗಳಿಗೆ ತಾನೇ ಉತ್ತರವನ್ನು ಹುಡುಕಬಲ್ಲ ಈ ಶಕ್ತಿಯನ್ನು ಸಂಶೋಧನ ಸಾಮರ್ಥ್ಯ ಎನ್ನುತ್ತಾರೆ. ನೆಲ್ಲನ್ನು ಕೊಳಗದಿಂದಲೂ ಬಟ್ಟೆಯನ್ನು ಮೊಳದಿಂದಲೂ ಅಳೆಯಬಹುದು. ಈ ಸಾಮರ್ಥ್ಯವನ್ನು ಯಾವುದರಿಂದ ಅಳೆಯೋಣ? ಬಳಕೆಯಲ್ಲಿರುವ ಅಳತೆಗೋಲುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಪ್ರತಿಯೊಂದೂ ಏನನ್ನು ತೋರಿಸುವುದು, ಏನನ್ನು ಮರೆಮಾಡುವುದು ಎಂಬುದನ್ನು ವಿಚಾರ ಮಾಡೋಣ.

ತಲೆಯೆಣಿಕೆ

ಎಲ್ಲಕ್ಕಿಂತ ಸುಲಭವಾದುದು ಸಂಶೋಧಕರ ತಲೆಗಳನ್ನು ಎಣಿಸುವುದು. ಆದರೆ ಸಂಶೋಧಕನೆಂದರೆ ಯಾರು? ವೈದ್ಯಕೀಯ ಕಾಲೇಜಿನ ಅಧ್ಯಾಪಕರು ಬೆಳಗ್ಗೆ ರೋಗಿಗಳನ್ನು ನೋಡುತ್ತಾರೆ, ಮಧ್ಯಾಹ್ನ ಪಾಠ ಹೇಳುತ್ತಾರೆ, ಬಿಡುವಾದರೆ ಸಂಶೋಧನೆಯಲ್ಲಿ ತೊಡಗುತ್ತಾರೆ. ಅವರನ್ನು ಒಬ್ಬ ಸಂಶೋಧಕರೆಂದು ಲೆಕ್ಕಕ್ಕೆ ಹಿಡಿದರೆ ತಪ್ಪು, ಬಿಟ್ಟರೂ ತಪ್ಪು.

ಈ ತೊಡಕನ್ನು ಬಿಡಿಸಲು 1963ರಲ್ಲಿ ಇಟಲಿಯ ರೋಮ್ ನಗರದ ಬಳಿಯ ಫ್ರಸ್ಕಾಟಿ ಎಂಬ ಊರಿನಲ್ಲಿ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ ತಜ್ಞರು ಸಭೆ ಸೇರಿದರು. ಅವರು ಸಿದ್ಧಪಡಿಸಿದ ಕೈಪಿಡಿಗೆ ಆ ಊರಿನ ಹೆಸರೇ ನಿಂತಿತು. ಅದರ ಏಳನೆಯ ಆವೃತ್ತಿಯು 2015ರಲ್ಲಿ ಹೊರಬಂದಿತು. ತಲೆಯೆಣಿಕೆಯ ಜೊತೆಗೆ ಪ್ರತಿಯೊಬ್ಬರೂ ಸಂಶೋಧನೆಗೆ ಕೊಡುವ ಕಾಲದ ಪಾಲನ್ನೂ ಎಣಿಸಬೇಕೆಂಬುದು ಅಲ್ಲಿಯ ಮುಖ್ಯ ಸೂತ್ರ. ಹೀಗೆ ಬರುವ ಮೊತ್ತಕ್ಕೆ ಪೂರ್ಣಕಾಲ ಸಮಾನ ಸಂಖ್ಯೆ ಎಂದು ಹೆಸರಿಡಬಹುದು.

ಉದಾಹರಣೆಗೆ ಒಂದು ಕಾಲೇಜನ್ನು ಊಹಿಸಿಕೊಳ್ಳೋಣ. ಅದರಲ್ಲಿ 120 ಮಂದಿ ಅಧ್ಯಾಪಕರು. ಅವರ ಪೈಕಿ 100 ಮಂದಿ ತಮ್ಮ ಕಾಲದ ಹತ್ತನೆಯ ಒಂದು ಪಾಲನ್ನೂ, 15 ಮಂದಿ ಅರ್ಧ ಪಾಲನ್ನೂ, 5 ಮಂದಿ ಪೂರ್ಣ ಕಾಲವನ್ನೂ ಸಂಶೋಧನೆಗೆ ಕೊಡುವರೆಂದು ಇಟ್ಟುಕೊಂಡರೆ, ಕ್ರಮವಾಗಿ 10, 7.5 ಮತ್ತು 5, ಒಟ್ಟು 22.5 ಆಗುವುದು. ಪಕ್ಕದಲ್ಲಿ 25 ಮಂದಿ ಪೂರ್ಣಕಾಲದ ಸಂಶೋಧಕರಿರುವ ಒಂದು ಚಿಕ್ಕ ಸಂಸ್ಥೆಯಿದ್ದರೆ, ತಲೆಯೆಣಿಕೆಯಲ್ಲಿ ಅದು ಕಾಲೇಜಿನ ಐದನೆಯ ಒಂದು ಪಾಲಿನಷ್ಟು ಮಾತ್ರ. ಸಂಶೋಧನೆಯ ಶ್ರಮದಲ್ಲಿಯಾದರೋ ಕಾಲೇಜಿಗಿಂತ ದೊಡ್ಡದು. ಈ ಕೈಪಿಡಿಯಲ್ಲಿ ಇನ್ನೊಂದು ಒಳ್ಳೆಯ ಅಂಶವಿದೆ: ಸಂಶೋಧಕರ ಜೊತೆಗೆ ತಾಂತ್ರಿಕ ಸಹಾಯಕರನ್ನೂ ಇತರ ನೆರವಿನ ಸಿಬ್ಬಂದಿಯನ್ನೂ ಬೇರೆ ಬೇರೆಯಾಗಿ ಎಣಿಸಬೇಕು. ಉಣುಗು ಆಯುವವನಿಗೂ ಲೆಕ್ಕದಲ್ಲಿ ಸ್ಥಾನವುಂಟು.

ಈ ರೀತಿಯಿಂದ ಯುನೆಸ್ಕೊ ಸಂಸ್ಥೆಯು ಕಲೆಹಾಕಿದ 2018ರ ಅಂಕಿಗಳಂತೆ, ಎಲ್ಲ ವಿಜ್ಞಾನಗಳೂ ಸೇರಿ, ಹತ್ತು ಲಕ್ಷ ಜನಸಂಖ್ಯೆಗೆ ಜಗತ್ತಿನ ಸರಾಸರಿ ಸುಮಾರು 1,370 ಸಂಶೋಧಕರು. ದಕ್ಷಿಣ ಕೊರಿಯದಲ್ಲಿ ಇದು 8,000ಕ್ಕೆ ಸಮೀಪ. ಭಾರತದಲ್ಲಿ ಸುಮಾರು 250. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕದಲ್ಲಿ ಸುಮಾರು 120. ಆರೋಗ್ಯ ಸಂಶೋಧಕರನ್ನು ಮಾತ್ರ ಎಣಿಸಿದರೆ ಅಂತರವು ಇನ್ನೂ ಕಣ್ಣಿಗೆ ಹೊಡೆಯುವುದು. ಶ್ರೀಮಂತ ದೇಶಗಳಲ್ಲಿ ಜನಸಂಖ್ಯೆಯ ಪ್ರಮಾಣಕ್ಕೆ ಅನುಸಾರವಾಗಿ ಅವರು ಕಡು ಬಡ ದೇಶಗಳಿಗಿಂತ ಸರಾಸರಿ 40 ಪಟ್ಟು ಇರುವರೆಂದು ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ತಿಳಿಸಿತು.

ಸರಾಸರಿಯನ್ನು ನಂಬುವಾಗ ಎಚ್ಚರವಿರಬೇಕು. ಸರಾಸರಿ ಮೊಳಕಾಲುದ್ದ ನೀರೆಂದು ಹೊಳೆಗಿಳಿದವನು ನಡುವೆ ಮಡುವಿದ್ದರೆ ಮುಳುಗುವನಷ್ಟೆ. ಸಂಶೋಧಕರು ರಾಜಧಾನಿಗಳಲ್ಲಿ ಕಿಕ್ಕಿರಿದಿದ್ದು, ರೋಗವಿರುವ ಜಿಲ್ಲೆಗಳಲ್ಲಿ ಒಬ್ಬರೂ ಇಲ್ಲದಿದ್ದರೂ ದೇಶದ ಸರಾಸರಿ ಬದಲಾಗದು.

ಹಣದ ಲೆಕ್ಕ

ಎರಡನೆಯ ಅಳತೆಗೋಲು ಹಣ. 1990ರಲ್ಲಿ ಒಂದು ಅಂತರರಾಷ್ಟ್ರೀಯ ಆಯೋಗವು ಆರೋಗ್ಯ ಸಂಶೋಧನೆಯ ಹಣವು ಹರಿಯುವ ದಿಕ್ಕನ್ನು ಪರೀಕ್ಷಿಸಿ ಒಂದು ವರದಿಯನ್ನು ಒಪ್ಪಿಸಿತು. 1986ರಲ್ಲಿ ಇಡೀ ಜಗತ್ತಿನಲ್ಲಿ ಈ ಕಾರ್ಯಕ್ಕೆ ವೆಚ್ಚವಾದುದು ಸುಮಾರು 3,000 ಕೋಟಿ ಡಾಲರು. ಅದರಲ್ಲಿ ಬಡ ದೇಶಗಳ ಸಮಸ್ಯೆಗಳಿಗೆಂದು ಮೀಸಲಾದುದು ನೂರಕ್ಕೆ ಐದರಷ್ಟು. ತಡೆಯಬಹುದಾದ ಅಕಾಲ ಮರಣಗಳ ಹೊರೆಯಲ್ಲಿಯಾದರೋ ಆ ದೇಶಗಳ ಪಾಲು ನೂರಕ್ಕೆ 93. ಪ್ರತಿಯೊಂದು ಬಡ ದೇಶವೂ ತನ್ನ ಆರೋಗ್ಯ ವೆಚ್ಚದಲ್ಲಿ ನೂರಕ್ಕೆ ಎರಡನ್ನಾದರೂ ಸಂಶೋಧನೆಗೂ ಅದರ ಸಾಮರ್ಥ್ಯವನ್ನು ಬೆಳಸುವುದಕ್ಕೂ ಮುಡಿಪಾಗಿಡಬೇಕೆಂದು ಆಯೋಗವು ಸಲಹೆಮಾಡಿತು.

ಹಣದ ಲೆಕ್ಕದಿಂದ ಒಂದು ಉಪಯೋಗವುಂಟು: ಯಾವ ಪ್ರಶ್ನೆಗೆ ಬೆಲೆಯಿದೆ, ಯಾವುದಕ್ಕೆ ಇಲ್ಲ ಎಂಬುದು ತಿಳಿಯುವುದು. ಮಂಗನ ಕಾಯಿಲೆಯು ವರ್ಷಕ್ಕೆ ಸುಮಾರು 400-500 ಮಂದಿಗೆ ತಗಲುವುದೆಂದು ಅಂದಾಜು. ಅವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ಅವರು ಹೆಚ್ಚಾಗಿ ಅಡಕೆ ತೋಟದ ಆಳುಗಳು, ಸೌದೆ ತರುವ ಹೆಂಗಸರು, ದನಕಾಯುವವರು. ಲಾಭವನ್ನು ಎಣಿಸುವ ಔಷಧ ತಯಾರಕರಿಗೆ ಇಷ್ಟು ಚಿಕ್ಕ ಮಾರುಕಟ್ಟೆ ಆಕರ್ಷಕವಲ್ಲ. ಇಂಥ ರೋಗದ ಪ್ರಶ್ನೆಯನ್ನು ಆ ನಾಡೇ ಕೇಳಬೇಕು. ಆ ನಾಡೇ ಉತ್ತರಿಸಬೇಕು.

ಲೇಖನಗಳ ಎಣಿಕೆ

ಜನ, ಹಣಗಳು ಹೊಲಕ್ಕೆ ಹಾಕಿದ ಬೀಜ, ಗೊಬ್ಬರಗಳಿದ್ದಂತೆ. ಬೆಳೆಯನ್ನು ಅಳೆಯಬೇಡವೆ? ಇದಕ್ಕಾಗಿ ವಿದ್ವತ್ಪತ್ರಿಕೆಗಳಲ್ಲಿ ಪ್ರಕಟವಾದ ಲೇಖನಗಳನ್ನು ಎಣಿಸುವ ಪದ್ಧತಿಯಿದೆ. ಭಾರತದ 579 ವೈದ್ಯಕೀಯ ಸಂಸ್ಥೆಗಳು 2005ರಿಂದ 2014ರವರೆಗೆ ಪ್ರಕಟಿಸಿದ ಲೇಖನಗಳನ್ನು ಎಣಿಸಿ 2016ರಲ್ಲಿ ಹೊರಬಂದ ಒಂದು ಅಧ್ಯಯನವು ಆಶ್ಚರ್ಯಕರವಾದ ಸಂಗತಿಯನ್ನು ಬಯಲಿಗೆ ತಂದಿತು. ವರ್ಷಕ್ಕೆ ನೂರಕ್ಕಿಂತ ಹೆಚ್ಚು ಲೇಖನಗಳನ್ನು ಕೊಟ್ಟ ಸಂಸ್ಥೆಗಳು 25 ಮಾತ್ರ. ದೇಶದ ಒಟ್ಟು ಫಲದಲ್ಲಿ ನೂರಕ್ಕೆ 40ರಷ್ಟು ಅವುಗಳದೇ. 332 ಸಂಸ್ಥೆಗಳಿಂದ, ಎಂದರೆ ಅರ್ಧಕ್ಕಿಂತ ಹೆಚ್ಚಿನವುಗಳಿಂದ, ಹತ್ತು ವರ್ಷಗಳಲ್ಲಿ ಒಂದು ಲೇಖನವೂ ಹೊರಬಂದಿರಲಿಲ್ಲ. ಕಾಲೇಜುಗಳ ಸಂಖ್ಯೆಯನ್ನು ನೋಡಿ ಸಾಮರ್ಥ್ಯವನ್ನು ಊಹಿಸುವುದು ಎಷ್ಟು ಅಪಾಯವೆಂಬುದು ಇದರಿಂದ ವ್ಯಕ್ತವಾಗುವುದು.

ಆದರೆ ಈ ಗೋಲಿಗೂ ಒಂದು ದೋಷವಿದೆ. ಬಡ್ತಿ ಬೇಕಾದರೆ ಇಷ್ಟು ಲೇಖನಗಳಿರಬೇಕೆಂದು ನಿಯಮ ಮಾಡಿದೊಡನೆ ಲೇಖನಗಳು ಹೆಚ್ಚುತ್ತವೆ. ತಿಳಿವಳಿಕೆ ಹೆಚ್ಚಬೇಕೆಂಬ ನಿಯಮವೇನೂ ಇಲ್ಲ. ಹಣ ತೆತ್ತರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳೂ ಆಗ ಹುಟ್ಟಿಕೊಳ್ಳುತ್ತವೆ. ಅಳತೆಯೇ ಗುರಿಯಾದರೆ ಅಳತೆ ಕೆಡುವುದು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ನಮ್ಮ ಗಾದೆಯನ್ನು ಇಲ್ಲಿ ಮರೆಯಬಾರದು. ಆದುದರಿಂದ ಲೇಖನದ ಮೊದಲ ಹೆಸರು ಯಾರದು, ಪ್ರಶ್ನೆಯನ್ನು ಕೇಳಿದವರು ಯಾರು ಎಂಬುದನ್ನೂ ಈಗ ಗಮನಿಸುತ್ತಾರೆ. ಹೊರಗಿನವರು ಬಂದು, ಸ್ಥಳೀಯರಿಂದ ರಕ್ತದ ಮಾದರಿಗಳನ್ನು ಕೂಡಿಸಿ ಒಯ್ದು, ತಮ್ಮ ಊರಿನಲ್ಲಿ ಲೇಖನ ಬರೆದರೆ, ಆ ನಾಡಿನ ಹೆಸರು ಲೇಖನದ ತಲೆಬರಹದಲ್ಲಿ ಬರುವುದೇ ಹೊರತು ಅದರ ಸಾಮರ್ಥ್ಯ ಕೂದಲೆಳೆಯಷ್ಟೂ ಬೆಳೆಯುವುದಿಲ್ಲ.

ಕಾಲವೆಂಬ ಅಳತೆ

ಮೇಲಿನ ಮೂರು ಗೋಲುಗಳೂ ಒಂದು ವರ್ಷದ ಚಿತ್ರವನ್ನು ಕೊಡುತ್ತವೆ. ಸಾಮರ್ಥ್ಯದ ನಿಜವಾದ ಪರೀಕ್ಷೆಯು ವರ್ಷಗಳುದ್ದಕ್ಕೂ ನಡೆಯುವಂಥದು. ಇದನ್ನು ತಿಳಿಯಲು ಮತ್ತೆ ಮಲೆನಾಡಿಗೆ ಹಿಂದಿರುಗೋಣ.

ಮೊದಲು ರಷ್ಯದ ಮೆದುಳುಜ್ವರದ ಲಸಿಕೆಯನ್ನು ಮಲೆನಾಡಿನಲ್ಲಿ ಪ್ರಯೋಗಿಸಲಾಯಿತು, ಅದು ಫಲಿಸಲಿಲ್ಲ. ಆ ಮೇಲೆ ಕ್ಯಾಸನೂರಿನ ವೈರಸ್ಸಿನಿಂದಲೇ, ಅದನ್ನು ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಬೆಳಸಿ, ಫಾರ್ಮಲಿನ್ನಿನಿಂದ ನಿರ್ಜೀವಗೊಳಿಸಿ, ನಮ್ಮ ದೇಶದಲ್ಲಿಯೇ ಲಸಿಕೆಯನ್ನು ತಯಾರಿಸಿದರು. 1990ರಿಂದ 1992ರವರೆಗೆ ನಡೆದ ಪರೀಕ್ಷೆಯಲ್ಲಿ ಅದರ ಎರಡು ಚುಚ್ಚುಮದ್ದುಗಳು ನೂರಕ್ಕೆ 93ಕ್ಕಿಂತ ಹೆಚ್ಚು ರಕ್ಷಣೆಯನ್ನು ಕೊಟ್ಟವೆಂದು ಕಂಡುಬಂದಿತು. 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿದಾಗ ಅದೇ ಎರಡು ಚುಚ್ಚುಮದ್ದುಗಳ ರಕ್ಷಣೆ ನೂರಕ್ಕೆ 62ಕ್ಕೆ ಇಳಿದಿತ್ತು. ಕೊನೆಗೆ, ಲಸಿಕೆಯ ಶಕ್ತಿ ಸಾಲದೆಂದು ತೀರ್ಮಾನವಾಗಿ, 2022ರಲ್ಲಿ ಅದರ ಬಳಕೆಯನ್ನೇ ನಿಲ್ಲಿಸಲಾಯಿತು. ಈ ನಡುವೆ ರೋಗವು ಸುಮ್ಮನಿರಲಿಲ್ಲ. 2012-13ರಲ್ಲಿ ಬಂಡೀಪುರ, ವಯನಾಡು, ನೀಲಗಿರಿಗಳ ಕಡೆಗೂ, ಅನಂತರದ ವರ್ಷಗಳಲ್ಲಿ ಗೋವ, ಮಹಾರಾಷ್ಟ್ರಗಳಿಗೂ ಹಬ್ಬಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಅನೇಕರು ಸತ್ತರು.

ಇದರಲ್ಲಿ ಎರಡು ಪಾಠಗಳುಂಟು. ಲಸಿಕೆಯ ರಕ್ಷಣೆ ಕುಗ್ಗಿದೆಯೆಂಬುದು ತಿಳಿದದ್ದು, ಲಸಿಕೆ ಹಾಕಿಸಿಕೊಂಡವರನ್ನೂ ರೋಗ ಬಂದವರನ್ನೂ ಲೆಕ್ಕವಿಟ್ಟು ಹೋಲಿಸಿದ್ದರಿಂದ. ಅದು ಸಾಮರ್ಥ್ಯವೇ ಸರಿ. ಆದರೆ ಕುಗ್ಗಿದೆಯೆಂದು ತಿಳಿದ ಮೇಲೂ ಉತ್ತಮವಾದ ಇನ್ನೊಂದು ಲಸಿಕೆ ಕೈಗೆ ಬಾರದೆ ವರ್ಷಗಳು ಉರುಳಿದವು. 1957ರಲ್ಲಿ ವೈರಸ್ಸನ್ನು ಕಂಡುಹಿಡಿದ ಕೇಂದ್ರವು ಇಂದು ರಾಷ್ಟ್ರೀಯ ವಿಷಾಣು ವಿಜ್ಞಾನ ಸಂಸ್ಥೆಯಾಗಿದೆ. ಇಂಥ ಅಪಾಯಕರ ವೈರಸ್ಸುಗಳೊಡನೆ ಕೆಲಸಮಾಡಲು ಬೇಕಾದ ಅತ್ಯುನ್ನತ ರಕ್ಷಣೆಯ ಪ್ರಯೋಗಾಲಯವೂ 2012ರಿಂದ ಪುಣೆಯಲ್ಲಿದೆ. ಸಂಶೋಧಕರ ಸಂಖ್ಯೆಯೂ ಉಪಕರಣಗಳೂ ಆ ಕಾಲಕ್ಕಿಂತ ಎಷ್ಟೋ ಹೆಚ್ಚಿವೆ. ಆದರೂ ಮಲೆನಾಡಿನ ಸೌದೆ ತರುವ ಹೆಂಗಸಿಗೆ 1992ರಲ್ಲಿದ್ದ ರಕ್ಷಣೆಯು 2022ರಲ್ಲಿ ಇಲ್ಲವಾಯಿತು. ಯಾವ ತಲೆಯೆಣಿಕೆಯಲ್ಲಿಯೂ ಈ ನಷ್ಟ ಕಾಣಿಸದು.

ಆದುದರಿಂದ ಒಂದು ಪ್ರದೇಶದ ಆರೋಗ್ಯ ಸಂಶೋಧನೆಯ ಬಲವನ್ನು ಅಳೆಯಹೊರಟವರು ಸಂಖ್ಯೆಗಳ ಜೊತೆಗೆ ಕೆಲವು ಸರಳವಾದ ಪ್ರಶ್ನೆಗಳನ್ನೂ ಕೇಳಬೇಕು. ಆ ಪ್ರದೇಶದ ಮುಖ್ಯ ರೋಗಗಳು ಯಾವುವು, ಅವುಗಳಲ್ಲಿ ಎಷ್ಟರ ಮೇಲೆ ಅಲ್ಲಿಯೇ ಕೆಲಸ ನಡೆಯುತ್ತಿದೆ? ಹಳ್ಳಿಯಲ್ಲಿ ತೆಗೆದ ರಕ್ತದ ಮಾದರಿಯ ಫಲಿತಾಂಶ ಎಷ್ಟು ದಿನಗಳಲ್ಲಿ ಹಿಂದಿರುಗುವುದು? ತರಬೇತಾದ ಕೀಟಶಾಸ್ತ್ರಜ್ಞ, ಸಂಖ್ಯಾಶಾಸ್ತ್ರಜ್ಞ, ಪಶುವೈದ್ಯ, ಪ್ರಯೋಗಾಲಯದ ಸಹಾಯಕ, ಇವರಲ್ಲಿ ಯಾರು ಇಲ್ಲ? ಐದು ವರ್ಷಗಳ ಹಿಂದೆ ತರಬೇತಿ ಪಡೆದವರಲ್ಲಿ ಎಷ್ಟು ಮಂದಿ ಇನ್ನೂ ಅದೇ ಕೆಲಸದಲ್ಲಿದ್ದಾರೆ? ಹಿಂದಿನ ಸಂಶೋಧನೆಯಿಂದ ಬಂದ ಉಪಾಯವು ಇಂದಿಗೂ ಜನರ ಕೈಗೆ ದೊರೆಯುತ್ತಿದೆಯೆ?

ಈ ಪ್ರಶ್ನೆಗಳನ್ನು ಕೇಳಲು ವಿಶೇಷ ಪಾಂಡಿತ್ಯ ಬೇಕಿಲ್ಲ. ನಮ್ಮ ವಿದ್ಯಾರ್ಥಿ ವಾಚಕರು ತಮ್ಮ ತಮ್ಮ ಜಿಲ್ಲೆಯ ವಿಷಯದಲ್ಲಿಯೇ ಇವುಗಳನ್ನು ಕೇಳಿ, ದೊರೆತ ಉತ್ತರಗಳನ್ನು ಒಂದು ಹಾಳೆಯ ಮೇಲೆ ಬರೆದು ನೋಡಬಹುದು. ಹಾಳೆಯಲ್ಲಿ ಖಾಲಿ ಉಳಿಯುವ ಜಾಗಗಳೇ ಆ ಜಿಲ್ಲೆಗೆ ಯಾವ ವಿದ್ಯೆ ಕಲಿತವರು ಬೇಕಾಗಿದ್ದಾರೆಂಬುದನ್ನು ತಿಳಿಸುವುವು. ಮುಂದೆ ಏನನ್ನು ಓದಬೇಕೆಂದು ಯೋಚಿಸುತ್ತಿರುವವರಿಗೆ ಅದೂ ಒಂದು ದಾರಿ ತೋರಿಸೀತು.